ಮೆಟ್ಟಿಲ ಮೇಲಿನ ಅಕ್ಕೋರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರನ್ನು ಬೇಕಾದವರು ಬೇಕಾದಷ್ಟು ಬಳಸಿಕೊಂಡು ಆಗಿದೆ. ಕಲಿಯಲು ಹೋಗುತ್ತಿದ್ದ ಹೆಂಗಸರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಅವರು ಯಾವ ಸಾಲಿಯ ಪಗಾರವನ್ನೂ ತೆಗೆದುಕೊಂಡವರಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಲಾರಿ ಟೈರು ರಿಪೇರಿ ಮಾಡುವ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ನಮಗೆ ಉಸಿರಾಡುವುದನ್ನು ಕಲಿಸಿದರು.

"ಉಸುರಾಡೂದನ್ನ ಕಲಸೂದೇನೈತ್ರಿ? ಹುಟ್ಟಿದಾಗಿಂದ ಮಾಡಾಕತ್ತೇವಲ್ಲ" ಎಂದು ಮೊದಲ ದಿನ ನಾನು ಸ್ವಲ್ಪ ಉದ್ಧಟತನದಿಂದಲೇ ಕೇಳಿದ್ದೆ.

ಅವರು ನಕ್ಕರು. "ಮಾಡಾಕತ್ತೀರಿ ಖರೆ. ಆದ್ರ ಅರ್ಧಾ ಹೊತ್ತ ಹಿಡಕೊಂಡ ಕುಂತಿರತೀರಿ. ಈಗೂ ಹಿಡಕೊಂಡೀರಿ ನೋಡ್ರಿ."

ನಿಜವಾಗಿಯೂ ಹಿಡಿದುಕೊಂಡಿದ್ದೆ.

ನಾನು ಟಿಕೋಟಾದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ದಿನಾ ವಿಜಯಪುರದಿಂದ ಬಸ್ಸಿನಲ್ಲಿ ಹೋಗಿ ಬರುವುದು. ಆಗ ಕುತ್ತಿಗೆ ನೋವು, ನಿದ್ದೆ ಇಲ್ಲ, ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗಲೇ ಎದೆ ಡವಡವ ಹೊಡೆದುಕೊಳ್ಳುವುದು. ಎಲ್ಲ ತಪಾಸಣೆ ಮಾಡಿದ ಡಾಕ್ಟರು, ದೇಹಕ್ಕೆ ಏನೂ ಆಗಿಲ್ಲ, ಯೋಗ ಮಾಡ್ರಿ ಎಂದರು. ಹೋದೆ. ಕಡೆಗೆ ಶವಾಸನದಲ್ಲಿ ಮಲಗಿಸಿದಾಗ ಕಾರಣವಿಲ್ಲದೆ ಅಳು ಬಂತು. ಸುತ್ತ ಹೆಂಗಸರು ಮಲಗಿದ್ದಾರೆ, ಕೆಳಗೆ ಟೈರಿಗೆ ಗಾಳಿ ತುಂಬುವ ಯಂತ್ರ ಒದರುತ್ತಿದೆ, ನಾನು ತುಟಿ ಕಚ್ಚಿಕೊಂಡು ಅಳು ನುಂಗುತ್ತಿದ್ದೇನೆ. ಅಕ್ಕೋರು ಬಂದು ತಲೆಯ ಹತ್ತಿರ ಕೂತರು. ಏನಾಯಿತೆಂದು ಕೇಳಲಿಲ್ಲ. "ಅಳ್ರಿ, ನಡೀತೈತಿ. ಉಸುರ ಮಾತ್ರ ತಡೀಬ್ಯಾಡ್ರಿ" ಎಂದಷ್ಟೇ ಕಿವಿಯಲ್ಲಿ ಹೇಳಿ ಎದ್ದು ಹೋದರು. ಅವತ್ತು ರಾತ್ರಿ ಎಷ್ಟೋ ತಿಂಗಳ ಮೇಲೆ ನಿದ್ದೆ ಮಾಡಿದೆ.

ಅಕ್ಕೋರು ಹುಟ್ಟಿದ್ದು ಬಿಜ್ಜರಗಿಯಲ್ಲಿ. ಅಪ್ಪನಿಗೆ ಸ್ವಲ್ಪ ಒಣಬೇಸಾಯ, ಒಂದು ದ್ರಾಕ್ಷಿ ತೋಟ, ಆಡು ಕುರಿ. ಊರ ಸಾಲಿಗೆ ಬಂದಿದ್ದ ಒಬ್ಬ ಮಾಸ್ತರು ಮಕ್ಕಳಿಗೆ ಆಸನ ಕಲಿಸಿ ಬೇರೆ ಊರಿಗೆ ವರ್ಗವಾಗಿ ಹೋದರಂತೆ. ಉಳಿದ ಮಕ್ಕಳೆಲ್ಲ ಮರೆತರು, ಈ ಹುಡುಗಿ ಮರೆಯಲಿಲ್ಲ. ಆಡಿನ ಹಟ್ಟಿಯ ಗೋಡೆಗೆ ಕಾಲು ಕೊಟ್ಟು ಶೀರ್ಷಾಸನ ಮಾಡಿ ನಿಂತರೆ ಆಡು ಬಂದು ನೆಲದ ಮೇಲೆ ಬಿದ್ದ ಜಡೆಯನ್ನು ಮೇಯುತ್ತಿತ್ತಂತೆ. "ನಮ್ಮವ್ವ ಬಡಗಿ ತಗೊಂಡ ಬರತಿದ್ಲು. ಆಡಿಗೆ ಹೊಡ್ಯಾಕ ಅಲ್ಲ, ನನಗ" ಎಂದು ಹೇಳಿ ನಗುತ್ತಿದ್ದರು. "'ತಲಿ ಕೆಳಗ ಮಾಡಿ ನಿಂತ ಹುಡುಗಿನ್ನ ಯಾರ ಮಾಡ್ಕೋತಾರ ಲೇ' ಅಂತಿದ್ಲು. ಮಾಡ್ಕೊಂಡ್ರ ನೋಡ್ರಿ."

ಮಾಡಿಕೊಂಡವರು ಬಬಲೇಶ್ವರದವರು. ಅಲ್ಲಿ ಗೊಬ್ಬರ, ಬೀಜದ ಅಂಗಡಿ ಇತ್ತು. ಆಮೇಲೆ ವಿಜಯಪುರಕ್ಕೆ ಬಂದು ಮನೆ ಕಟ್ಟಿಸಿದರು. ಕೆಳಗಿನ ಮಳಿಗೆ ಟೈರಿನವರಿಗೆ ಬಾಡಿಗೆ, ಮೇಲೆ ಇವರ ಸಂಸಾರ. ಮಕ್ಕಳಾಗಲಿಲ್ಲ. ಸುಮ್ಮನೆ ಬಿದ್ದಿದ್ದ ದೊಡ್ಡ ಹಾಲಿನಲ್ಲಿ ಅಕ್ಕೋರು ಓಣಿಯ ಹೆಂಗಸರನ್ನು ಸೇರಿಸಿಕೊಂಡು ಕಲಿಸತೊಡಗಿದರು. ಮೊದಮೊದಲು ಯಜಮಾನರಿಗೆ ಅದು ಹೆಂಗಸರ ಹರಟೆಯಂತೆ ಕಂಡಿತ್ತು. ಬರುವವರಲ್ಲಿ ದೊಡ್ಡ ದೊಡ್ಡ ಸಾಹೇಬರ ಹೆಂಡಂದಿರೂ ಇದ್ದಾರೆ ಎಂದು ತಿಳಿದ ಮೇಲೆ ಅವರಿಗೂ ಯೋಗದಲ್ಲಿ ಭಕ್ತಿ ಹುಟ್ಟಿತು. ಹೊರಗೆ ಬೋರ್ಡು ಬಂತು. ಬೋರ್ಡಿನಲ್ಲಿ ಅವರ ಫೋಟೊ ದೊಡ್ಡದಾಗಿ, ಹೆಂಡತಿಯದು ಮೂಲೆಯಲ್ಲಿ. ಪಾಠ ಮುಗಿಯುವ ಹೊತ್ತಿಗೆ ಬಿಳಿ ಜುಬ್ಬಾ ಹಾಕಿಕೊಂಡು ಬಂದು, ಮೊಣಕಾಲು ನೋವಿನಿಂದ ಕೆಳಗೆ ಕೂರಲಾರದ ಅವರು ಕುರ್ಚಿಯ ಮೇಲೆ ಕೂತು ಪ್ರವಚನ ಮಾಡತೊಡಗಿದರು. ವರ್ಷದೊಳಗೆ ಜನ ಅವರನ್ನು ಗುರುಗಳು ಎಂದರು. ನನ್ನ ಬಾಯಲ್ಲಿ ಆ ಮಾತು ಒಮ್ಮೆಯೂ ಬರಲಿಲ್ಲ.

ಅವರ ಮಾತೆಲ್ಲ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. "ನಮ್ಮ ಮನ್ಯಾಗ ಗುಳಗಿ ಅನ್ನೂದ ಹೊಚ್ಚಲಾ ದಾಟಿಲ್ಲ. ಇವರನ್ನ ನೋಡ್ರಿ. ಲಗ್ನ ಆದಾಗಿಂದ ಒಮ್ಮಿನೂ ದವಾಖಾನಿ ಕಂಡಿಲ್ಲ ಇವರು." ಎಲ್ಲರೂ ಅಕ್ಕೋರ ಕಡೆ ನೋಡುವರು. ಅಕ್ಕೋರು ಚಾಪೆ ನೋಡುವರು.

ಪ್ರವಚನ ಮುಗಿದ ಮೇಲೆ ಅಕ್ಕೋರ ನಿಜವಾದ ಪಾಠ ಮೆಟ್ಟಿಲ ಮೇಲೆ ನಡೆಯುತ್ತಿತ್ತು. ನಾವು ಚಪ್ಪಲಿ ಹುಡುಕುತ್ತ ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾಗ ಅವರು ಅರ್ಧ ಮೆಟ್ಟಿಲು ಇಳಿದು ಬಂದು, ಮೇಲೆ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳುವರು: "ಸಕ್ಕರಿ ಗುಳಗಿ ಬಿಟ್ಟೀರಿ ಮತ್ತ! ಡಾಕ್ಟರ್ ಬಿಡಂದ್ರ ಬಿಡ್ರಿ, ಇಲ್ಲಂದ್ರ ಇಲ್ಲ." "ಬಿಪಿ ತೋರಿಸ್ಕೊಂಡ್ರ್ಯಾ? ನಾಳೆ ತೋರಿಸ್ಕೊಂಡ ಬರ್ರಿ, ಆಮ್ಯಾಲ ಕಪಾಲಭಾತಿ." ಮೇಲೆ ಗಂಡ ಕಟ್ಟಿದ್ದನ್ನು ಹೆಂಡತಿ ಮೆಟ್ಟಿಲ ಮೇಲೆ ನಿಂತು ಒಂದೊಂದಾಗಿ ಬಿಚ್ಚುತ್ತಿದ್ದರು. ಅದನ್ನು ಕಂಡು ನಮಗೆ ನಗು. ಈಗ ನೆನೆದರೆ ನಗು ಬರುವುದಿಲ್ಲ.

ಒಂದೇ ಒಂದು ಸಲ ಮೆಟ್ಟಿಲ ಮಾತನ್ನು ಮೇಲೆ, ಎಲ್ಲರೆದುರು ಆಡಿದ್ದನ್ನು ಕಂಡಿದ್ದೇನೆ. ನಮ್ಮ ಜೊತೆ ಶಾಹೀನ್ ಅಂತ ಒಬ್ಬರು ಬರುತ್ತಿದ್ದರು. ಬಳೆ ಅಂಗಡಿ ಇಟ್ಟುಕೊಂಡವರು, ಉಬ್ಬಸದವರು. ಉಬ್ಬಸಕ್ಕೆ ಬಾಯಲ್ಲಿ ಎಳೆದುಕೊಳ್ಳುವ ಪಂಪು ಸದಾ ಅವರ ಪಕ್ಕ ಚಾಪೆಯ ಮೇಲೆ ಇರಬೇಕು ಎಂದು ಅಕ್ಕೋರ ತಾಕೀತು. ಒಂದು ದಿನ ಫೋಟೊ ತೆಗೆಯುವವನು ಬಂದಿದ್ದ. ಯಜಮಾನರು ಸಾಲು ಸಾಲಾಗಿ ನೋಡುತ್ತ ಬಂದವರು ಶಾಹೀನರ ಹತ್ತಿರ ನಿಂತು, "ಏನವಾ, ಅದನ್ನ ಅತ್ತಾಗ ಇಡು. ಫೋಟೋದಾಗ ಛಲೋ ಕಾಣಂಗಿಲ್ಲ" ಎಂದರು. ಶಾಹೀನ್ ಮುಖ ಸಣ್ಣದು ಮಾಡಿಕೊಂಡು ಪಂಪನ್ನು ದುಪಟ್ಟಾದ ಕೆಳಗೆ ಸರಿಸಿದರು. ಅಕ್ಕೋರು ಎದ್ದು ಬಂದರು, ದುಪಟ್ಟಾ ಸರಿಸಿ ಪಂಪನ್ನು ಮತ್ತೆ ಚಾಪೆಯ ಮೇಲೆ ಇಟ್ಟರು.

"ಇರ್ಲಿ ಬಿಡ್ರಿ. ಅದೂ ಉಸುರನ" ಎಂದರು.

ಯಜಮಾನರು ಎಲ್ಲರೆದುರು ನಕ್ಕರು. ಮರುದಿನ ಅಕ್ಕೋರು ಪಾಠಕ್ಕೆ ಬರಲಿಲ್ಲ. ಅದರ ಮರುದಿನ ಬಂದಾಗ ಕಣ್ಣು ಬಾತಿದ್ದವು. ನಾವು ಚಾಪೆ ಹಾಸಿಕೊಂಡೆವು. ಅವರೇ, "ಕಣ್ಣ ಮುಚ್ಚರಿ, ಶುರು ಮಾಡೂಣು" ಎಂದರು.

ಆ ಬೇಸಿಗೆ ಕಳೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ನಿಲ್ಲತೊಡಗಿದ್ದು ನನ್ನ ಕಣ್ಣಿಗೆ ಬಿತ್ತು. ಕೆಳಗಿನಿಂದ ಹಾಲಿನ ಪಾಕೀಟು ತರುವಾಗ ನಡುವೆ ನಿಂತು, ಗೋಡೆಗೆ ಕೈ ಕೊಟ್ಟು, ಏನೋ ನೆನಪು ಮಾಡಿಕೊಳ್ಳುವವರಂತೆ ನಿಲ್ಲುವರು. ಕೇಳಿದರೆ, "ಏನಿಲ್ರಿ, ಬಿಸಲಾ" ಎನ್ನುವರು.

ಜೂನಿನಲ್ಲಿ ಸಾಲಿ ಶುರುವಾಗಿತ್ತು. ಯೋಗ ದಿನಕ್ಕೆ ಹುಡುಗಿಯರನ್ನು ತಯಾರು ಮಾಡಬೇಕೆಂದು ನಾನೇ ಅವರನ್ನು ಒಂದು ಶನಿವಾರ ಟಿಕೋಟಾಕ್ಕೆ ಕರೆದುಕೊಂಡು ಹೋದೆ. ಮಕ್ಕಳ ನಡುವೆ ಅವರೂ ಹುಡುಗಿಯೇ ಆದರು. ವೃಕ್ಷಾಸನದಲ್ಲಿ ತೂರಾಡುವ ಹುಡುಗಿಯರಿಗೆ, "ಗಿಡಾನೂ ಅಳ್ಳಾಡತೈತಿ, ಬೀಳಂಗಿಲ್ಲ ಅಷ್ಟ" ಎಂದು ಹೇಳಿ ನಗಿಸಿದರು. ಮಧ್ಯಾಹ್ನ ಬಸ್‌ ನಿಲ್ದಾಣಕ್ಕೆ ನಡೆದು ಬರುವಾಗ ಸಿಮೆಂಟಿನ ಕಟ್ಟೆಯ ಮೇಲೆ ಕುಸಿದು ಕೂತರು. ಮುಖವೆಲ್ಲ ಬೆವರು. ಒಂದು ಕೈಯಿಂದ ದವಡೆ ಹಿಡಿದುಕೊಂಡಿದ್ದರು.

"ಟೀಚರ್, ಇಲ್ಲಿ ಯಾರೋ ಕುಂತಂಗ ಆಗೈತ್ರಿ" ಎಂದು ಎದೆಯ ಮೇಲೆ ಅಂಗೈ ಇಟ್ಟರು. "ಭಾಳ ದಿನಾತು. ಬರತೈತಿ, ಹೋಗತೈತಿ. ಅವರಿಗೆ ಹೇಳೇನಿ. ಯೋಗ ದಿನಾ ಒಂದ ಮುಗೀಲಿ ಅಂದ್ರು. ಈಗ ದವಾಖಾನ್ಯಾಗ ಕುಂತದ್ದ ಯಾರರ ನೋಡಿದ್ರ ಏನ ಅಂದಾರು ಅಂತಾರ."

ನಾನು ಬಸ್ಸಿನ ಮಾತು ಬಿಟ್ಟು ಅಲ್ಲೇ ಹತ್ತಿರವಿದ್ದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಣ್ಣ ವಯಸ್ಸಿನ ಹೆಣ್ಣುಮಗಳು. ಇಸಿಜಿ ತೆಗೆದು, ನಾಲಿಗೆಯ ಮೇಲೆ ಗುಳಿಗೆ ಇಟ್ಟು, ನನ್ನನ್ನು ಬದಿಗೆ ಕರೆದು, "ಹೃದಯಕ್ಕ ರಕ್ತ ಸರಿಯಾಗಿ ಹೋಗವಲ್ದು. ಇವತ್ತ ವಿಜಯಪುರದಾಗ ದೊಡ್ಡ ದವಾಖಾನಿಗೆ ಸೇರಸ್ರಿ. ನಾಳೆ ಅನ್ನಬ್ಯಾಡ್ರಿ" ಎಂದರು. ನಾನು ಯಜಮಾನರಿಗೆ ಫೋನ್ ಮಾಡಿದೆ. ಬೇಗನೇ ಕಾರು ತಂದರು. ಡಾಕ್ಟರ ಮಾತನ್ನೆಲ್ಲ ತಲೆಯಾಡಿಸಿ ಕೇಳಿದರು, "ನೇರ ದವಾಖಾನಿಗೆ ಒಯ್ತೇನಿ" ಎಂದರು. ನಾನೂ ಕಾರಿನಲ್ಲಿ ಕೂಡ್ರಲು ಹೊರಟಾಗ, "ನೀವ್ಯಾಕ ತ್ರಾಸ ತಗೋತೀರಿ, ಸಾಲಿ ನೋಡ್ಕೋರಿ" ಎಂದು ಬಾಗಿಲು ಹಾಕಿಕೊಂಡರು. ಗಾಜಿನ ಹಿಂದಿನಿಂದ ಅಕ್ಕೋರು ಕೈ ಎತ್ತಿದರು.

ಮರುದಿನ ಬೆಳಿಗ್ಗೆ ಯಾವ ದವಾಖಾನೆಯಲ್ಲಿ ಇದ್ದಾರೆಂದು ಕೇಳಲು ಮನೆಗೆ ಹೋದರೆ ಅಕ್ಕೋರು ಪಾಠ ಮಾಡುತ್ತಿದ್ದರು.

ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಕೇಳಿದೆ. "ದಾರ್ಯಾಗ ಸೋಡಾ ಕುಡಿಸಿದ್ರು. ತೇಗ ಬಂತು. 'ನೋಡು, ಗ್ಯಾಸ್ ಅದು, ಹಗುರಾತಿಲ್ಲ?' ಅಂದ್ರು. ಡಾಕ್ಟರ್ ಕೊಟ್ಟ ಗುಳಗೀಲೆ ನೋವ ಹೋಗಿತ್ತಲ್ರಿ, ಹೂಂ ಅಂದ್ನಿ. ಮನಿಗೆ ಬಂದ್ವಿ."

ನಾನು ಮೇಲೆ ಹೋಗಿ ಯಜಮಾನರ ಎದುರು ನಿಂತೆ. "ಸರ, ಡಾಕ್ಟರ್ ಹೇಳಿದ್ದ ಕೇಳಿದ್ರಲ್ಲ ನೀವು?"

"ಆ ಹುಡುಗಿಗೆ ಏನ ತಿಳೀತೈತಿ? ಇವರ ನಾಡಿ ನನಗ ಗೊತ್ತೈತಿ." ಅವರು ದನಿ ಏರಿಸಲಿಲ್ಲ. ದನಿ ಏರಿಸುವುದು ಅವರ ಪದ್ಧತಿಯೇ ಅಲ್ಲ. "ಟೀಚರ್, ನೀವು ಕನ್ನಡಾ ಕಲಸ್ರಿ. ಹೃದಯ ನಮಗ ಬಿಡ್ರಿ. ಮೊದಲ ನಿಮ್ಮ ಮನಸ್ಸ ಶಾಂತ ಮಾಡ್ಕೋರಿ, ಎಷ್ಟ ನಡಗಾಕತ್ತೀರಿ ನೋಡ್ರಿ."

ನಡುಗುತ್ತಿದ್ದುದು ನಿಜ. ಅದೇ ನನ್ನ ಸೋಲಾಯಿತು. ಕೂತಿದ್ದ ಹೆಂಗಸರೆಲ್ಲ ನನ್ನನ್ನು ಕನಿಕರದಿಂದ ನೋಡಿದರು. ಆಮೇಲೆ ಬಿಜ್ಜರಗಿಯ ಅವರ ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ಯಜಮಾನರನ್ನೇ ಕೇಳಿದರಂತೆ, ಗ್ಯಾಸ್ ಎಂದು ತಿಳಿದು ಸಮಾಧಾನವಾಯಿತಂತೆ. ಅಕ್ಕೋರು ನನ್ನ ಕೈ ಹಿಡಿದು, "ಯೋಗ ದಿನದ ಮರದಿನಾ ನಾವಿಬ್ಬರೂ ಹೋಗೂಣು. ಅವರಿಗೆ ಹೇಳೂದ ಬ್ಯಾಡ. ನಾ ಬರ್ತೇನಿ, ಖರೇನ ಬರ್ತೇನಿ" ಎಂದರು.

ಯೋಗ ದಿನವನ್ನು ಆ ಸಲ ಯಜಮಾನರು ಹಟ ಹಿಡಿದು ತಮ್ಮ ಊರು ಬಬಲೇಶ್ವರದಲ್ಲೇ ಇಟ್ಟುಕೊಂಡಿದ್ದರು. ಒಂದು ಕಾಲಕ್ಕೆ ಗೊಬ್ಬರ ಮಾರಿದ ಊರಿನಲ್ಲಿ ಗುರುಗಳಾಗಿ ಕೂರುವ ಆಸೆ. ಬಯಲಲ್ಲಿ ಪೆಂಡಾಲು, ಮೈಕು, ಸಾಲಿ ಮಕ್ಕಳು, ಊರ ಹಿರಿಯರು. ವೇದಿಕೆಯ ನಡುವೆ ಕುರ್ಚಿಯಲ್ಲಿ ಅವರು, ಮುಂದೆ ಹಾಸಿದ ಚಾಪೆಯ ಮೇಲೆ ಅಕ್ಕೋರು. ಅವರು ಮೈಕಿನಲ್ಲಿ ಹೇಳುವುದು, ಇವರು ಮಾಡಿ ತೋರಿಸುವುದು. ಒಂದೊಂದು ಆಸನಕ್ಕೂ ಚಪ್ಪಾಳೆ. ಶೀರ್ಷಾಸನ ಬೇಡವೆಂದು ನಾನು ಹಿಂದಿನ ದಿನವೇ ಅಕ್ಕೋರನ್ನು ಕಾಲು ಹಿಡಿಯುವವಳಂತೆ ಬೇಡಿಕೊಂಡಿದ್ದೆ. ಅಕ್ಕೋರು ಗಂಡನಿಗೂ ಹೇಳಿದ್ದರು. ಆದರೂ ಮೈಕಿನಲ್ಲಿ, "ಈಗ ಆಸನಗಳ ರಾಜ" ಎಂದು ಕೇಳಿತು. ಅಕ್ಕೋರು ಒಮ್ಮೆ ಕುರ್ಚಿಯ ಕಡೆ ನೋಡಿದರು. ಆಮೇಲೆ ತಲೆ ಕೆಳಗೆ ಮಾಡಿದರು.

ಕಾರ್ಯಕ್ರಮ ಮುಗಿದು ಯಜಮಾನರಿಗೆ ಶಾಲು ಹೊದಿಸುತ್ತಿದ್ದಾಗ ಅಕ್ಕೋರು ವೇದಿಕೆಯ ಹಿಂದಿನಿಂದ ಇಳಿದು ಬಂದರು. ನಾನು, ಶಾಹೀನ್ ಅಲ್ಲಿಯೇ ಇದ್ದೆವು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಭುಜ ಹಿಡಿದುಕೊಂಡು, "ದವಾಖಾನಿಗೆ ಕರಕೊಂಡ ಹೋಗ್ರಿ. ಈಗ. ಅವರನ್ನ ಕೇಳಬ್ಯಾಡ್ರಿ" ಎಂದರು.

ರಸ್ತೆಯಲ್ಲಿ ಮಂದಿಯನ್ನು ತುಂಬಿಸಿಕೊಳ್ಳುತ್ತಿದ್ದ ಜೀಪಿನವನ ಕೈ ಹಿಡಿದೆವು. ಅವನು ನೋಡಿದವನೇ ಕೂತವರನ್ನೆಲ್ಲ ಇಳಿಸಿದ. ಹಿಂದಿನ ಸೀಟಿನಲ್ಲಿ ಅವರ ತಲೆ ನನ್ನ ತೊಡೆಯ ಮೇಲೆ, ಕಾಲು ಶಾಹೀನರ ಮಡಿಲಲ್ಲಿ. ದಾರಿಯಲ್ಲಿ ಮೊದಲು ಸಿಕ್ಕ ದವಾಖಾನೆಗೆ ಬೀಗ. ಜೀಪು ವಿಜಯಪುರದ ಕಡೆ ಓಡಿತು.

ಅದನ್ನು ಹೇಗಿತ್ತೋ ಹಾಗೆ ಬರೆಯಬೇಕು. ಅವರು ಶಾಂತವಾಗಿರಲಿಲ್ಲ. ನನ್ನ ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿದ್ದರು. "ಉಸುರ ಸಿಗವಲ್ದ್ರಿ ಟೀಚರ್, ಉಸುರ ಸಿಗವಲ್ದು" ಎಂದು ಮತ್ತೆ ಮತ್ತೆ ಅಂದರು. ಶಾಹೀನ್ ಅಳುತ್ತ, "ಅಕ್ಕೋರ, ನೀವ ಕಲಿಸಿದಂಗ ತಗೋರಿ, ಸಣ್ಣಾಗಿ ತಗೋರಿ" ಎಂದಾಗ ಸಿಟ್ಟಿನಿಂದ ತಲೆ ಕೊಡವಿದರು. "ಕಲಿಸಿದ್ದೇನ ಬ್ಯಾಡ, ಡಾಕ್ಟರ್ ಬೇಕ! ದವಾಖಾನಿ ಎಲ್ಲೈತಿ?" ಆಮೇಲೆ ಗಂಡನನ್ನು ಬೈದರು. ಅವರ ಬಾಯಿಂದ ನಾನು ಕೇಳಿದ ಮೊದಲ ಬೈಗುಳ, ಕೊನೆಯದೂ ಅದೇ. "ಅವನ ಬಾಯಾಗ ಮಣ್ಣ ಬೀಳಲಿ." ನಮ್ಮ ಪರಿಚಯದ ಅಷ್ಟು ವರ್ಷವೂ 'ಅವರು' ಎಂದವರು ಆ ಜೀಪಿನಲ್ಲಿ 'ಅವ' ಎಂದರು. ಕಡೆಗೆ ನನ್ನನ್ನು ನೋಡಿ, ಮಗು ಕೇಳುವಂತೆ, "ನಾ ಇನ್ನೂ ಇರಬೇಕ್ರಿ" ಎಂದರು.

ಊರ ಅಂಚಿನ ಮನೆಗಳು ಕಾಣುವ ಹೊತ್ತಿಗೆ ಸೆರಗು ಹಿಡಿದಿದ್ದ ಮುಷ್ಟಿ ಸಡಿಲಾಯಿತು. ದವಾಖಾನೆಯಲ್ಲಿ ಎದೆ ಒತ್ತಿದರು, ಏನೇನೋ ಮಾಡಿದರು. ಹೊರಗೆ ಬಂದ ಡಾಕ್ಟರು ಮೊದಲು ಕೇಳಿದ್ದು, "ಇಷ್ಟ ದಿನಾ ಎಲ್ಲಿದ್ರಿ?" ಎಂದು. ಅಷ್ಟರಲ್ಲಿ ಯಜಮಾನರು ಶಾಲು ಹೊದ್ದುಕೊಂಡೇ ಬಂದಿದ್ದರು. ಅತ್ತರು. ಆ ಅಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದು ಬೇಗ ಮುಗಿಯಿತು.

ಸಂಜೆಯ ಹೊತ್ತಿಗೆ ಎಲ್ಲರ ಮೊಬೈಲಿಗೂ ಸುದ್ದಿ ಬಂದಿತ್ತು. ಯೋಗ ದಿನದ ಪ್ರದರ್ಶನ ಮುಗಿಸಿ, ವೇದಿಕೆಯ ಹಿಂದೆ ಪದ್ಮಾಸನದಲ್ಲಿ ಕೂತು, ಧ್ಯಾನಸ್ಥರಾಗಿಯೇ ದೇಹ ಬಿಟ್ಟರಂತೆ. ಕೆಳಗೆ ಕೈಮುಗಿದ ಚಿತ್ರಗಳು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಎಲ್ಲರಿಗೂ ಮಾಡುವ ಪದ್ಧತಿ ಅದು. ಆದರೆ ಹಣೆಗೆ ವಿಭೂತಿ ಬಳಿದು, ಹಾರ ಹಾಕಿ ಅಕ್ಕೋರನ್ನು ಕೂರಿಸಿದಾಗ ಬಂದ ಜನ, "ನೋಡ್ರಿ, ಧ್ಯಾನದಾಗ ಕುಂತಂಗ ಕುಂತಾರ" ಎಂದರು. ಕಾಲಿಗೆ ಬಿದ್ದರು. ಮಕ್ಕಳ ತಲೆಯನ್ನು ಆ ಪಾದಕ್ಕೆ ಮುಟ್ಟಿಸಿದರು.

ಬಿಜ್ಜರಗಿಯ ಅಣ್ಣನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದೆ. ಜೀಪಿನಲ್ಲಿ ಆಡಿದ ಮಾತನ್ನೂ ಹೇಳಿದೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಸತ್ತಾಕಿ ತಿರಗಿ ಬರತಾಳನ್ರಿ ಟೀಚರ್? ಛಲೋ ಹೆಸರ ಬಂದೈತಿ ಅಕಿಗೆ. ಇರ್ಲಿ ಬಿಡ್ರಿ."

ನಾನು ಆ ಮಹಡಿಗೆ ಹೋಗುವುದನ್ನು ಬಿಟ್ಟೆ, ಪ್ರಾಣಾಯಾಮ ಬಿಡಲಿಲ್ಲ. ಅವರು ಕಲಿಸಿದ್ದು ಸುಳ್ಳಾಗಿರಲಿಲ್ಲ. ಅದರಿಂದ ನನಗೆ ನಿದ್ದೆ ಬಂದಿತ್ತು, ಶಾಹೀನರ ಉಬ್ಬಸ ಹದಕ್ಕೆ ಬಂದಿತ್ತು. ಉಸಿರಿಗೆ ಎಷ್ಟು ಸಾಧ್ಯ, ಎಲ್ಲಿ ಡಾಕ್ಟರು ಬೇಕು ಎನ್ನುವುದು ಆ ಮನೆಯಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೇ. ಆ ಡಾಕ್ಟರು ಸಿಗದೆ ಅವರೇ ಸತ್ತರು.

ವರ್ಷದ ಪುಣ್ಯತಿಥಿಗೆ ಯಜಮಾನರು ಹೇಳಿ ಕಳಿಸಿದರು. ಟೀಚರ್ ನಾಲ್ಕು ಮಾತಾಡಬೇಕು, ಅವರ ಮೇಲೆ ಅಕ್ಕೋರಿಗೆ ಭಾಳ ಜೀವ ಇತ್ತು ಎಂದು. ಹೋದೆ. ಹಾಲಿನ ತುಂಬ ಜನ. ಕೆಳಗೆ ಟೈರಿನ ಅಂಗಡಿಗೆ ಅವತ್ತು ರಜೆ ಕೊಡಿಸಿದ್ದರು. ಪದ್ಮಾಸನದಲ್ಲಿ ಕೂತ ಅಕ್ಕೋರ ಆಳೆತ್ತರದ ಫೋಟೊ, ಅದರ ಕೆಳಗೆ ಬಂಗಾರದ ಅಕ್ಷರದಲ್ಲಿ ಧ್ಯಾನದ ಸಾವಿನ ಕತೆ. ಮಾತಾಡಿದ ಎಲ್ಲರೂ ಆ ಕತೆಗೆ ಒಂದೊಂದು ಎಳೆ ಸೇರಿಸಿದರು. ಒಬ್ಬರು ಮುಖದಲ್ಲಿ ಬೆಳಕು ಕಂಡಿದ್ದರು. ಒಬ್ಬರಿಗೆ ಹೂವಿನ ವಾಸನೆ ಬಂದಿತ್ತು.

ನನ್ನ ಪಾಳಿ ಬಂತು. ನಾನು ಕಿರುಚಲಿಲ್ಲ. ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿಯೇ ಹೇಳಿದೆ. "ಅಕ್ಕೋರು ಧ್ಯಾನದಾಗ ಸಾಯಲಿಲ್ರಿ. ಜೀಪಿನ್ಯಾಗ ಸತ್ರು. ನನ್ನ ತೊಡಿ ಮ್ಯಾಲ ತಲಿ ಇತ್ತು. ದವಾಖಾನಿ ಎಲ್ಲೈತಿ ಅಂತ ಕೇಳಿ ಸತ್ರು. ಅವರಿಗೆ ಇರಬೇಕಂತಿತ್ತು. ಅದಕ್ಕೂ ಒಂದ ವಾರ ಮೊದಲ ಟಿಕೋಟಾದ ಡಾಕ್ಟರ್ ಇವತ್ತ ಸೇರಸ್ರಿ ಅಂದಿದ್ರು. ಇವರು ದಾರ್ಯಾಗ ಸೋಡಾ ಕುಡಿಸಿ ಮನಿಗೆ ಕರಕೊಂಡ ಬಂದ್ರು." ಕೈ ಮಾಡಿ ತೋರಿಸಿದೆ. "ಇವರ."

ಶಾಹೀನ್ ಹಿಂದಿನ ಸಾಲಿನಿಂದ ಎದ್ದು ನಿಂತು, "ಖರೆ ಐತ್ರಿ. ನಾನೂ ಇದ್ನಿ" ಎಂದರು.

ಯಜಮಾನರು ಕುರ್ಚಿಯಿಂದ ನಿಧಾನಕ್ಕೆ ಎದ್ದರು. ಈಗ ಬಯ್ಯುತ್ತಾರೆ, ಹೊರಗೆ ಹಾಕುತ್ತಾರೆ, ಹಾಗಾದರೂ ಮಾತು ಹೊರಗೆ ಬೀಳುತ್ತದೆ ಎಂದುಕೊಂಡೆ. ಅವರು ನನ್ನ ಕೈಯಿಂದ ಮೈಕನ್ನು ಮೆತ್ತಗೆ ತೆಗೆದುಕೊಂಡರು. ಕಣ್ಣಲ್ಲಿ ನೀರಿತ್ತು.

"ಟೀಚರ್ ದುಃಖದಾಗ ಅದಾರ. ಅವರಿಗೆ ನಮ್ಮ ಶಾಂತಿ ಮುಟ್ಟಬೇಕು. ಎಲ್ಲಾರೂ ಕಣ್ಣ ಮುಚ್ಚರಿ. ಬೆನ್ನ ನೆಟ್ಟಗ. ದೀರ್ಘ ಉಸುರ ತಗೋರಿ."

ತಗೊಂಡರು. ಒಬ್ಬೊಬ್ಬರಾಗಿ ಅಲ್ಲ, ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ. ಮುಂದಿನ ಸಾಲಿನ ಸಾಹೇಬರ ಹೆಂಡಂದಿರು, ಮೆಟ್ಟಿಲ ಮೇಲೆ ಗುಳಿಗೆಯ ಮಾತು ಕೇಳಿಸಿಕೊಂಡ ನಮ್ಮ ಓಣಿಯ ಹೆಂಗಸರು, ಬಿಜ್ಜರಗಿಯ ಅಣ್ಣ, ಎಲ್ಲರೂ ಕಣ್ಣು ಮುಚ್ಚಿದರು. ತೆರೆದ ಕಣ್ಣು ಇದ್ದದ್ದು ನನ್ನವು, ಶಾಹೀನರವು. ಆ ಮುಚ್ಚಿದ ಮುಖಗಳ ಮೇಲೆ ನಿಜವಾಗಿಯೂ ಶಾಂತಿ ಇಳಿಯುತ್ತಿತ್ತು. ನಾನು ಆಡಿದ ಮಾತು ಅವರ ಉಸಿರಿನ ಜೊತೆ ಹೊರಗೆ ಹೋಗುತ್ತಿದ್ದುದು ನನಗೆ ಕಾಣುತ್ತಿತ್ತು.

ಕಣ್ಣು ತೆರೆದ ಮೇಲೆ ಊಟಕ್ಕೆ ಎದ್ದರು. ಹುಗ್ಗಿಯ ತಟ್ಟೆ ಹಿಡಿದುಕೊಂಡು ಒಬ್ಬ ಹಿರಿಯ ಹೆಂಗಸು ನನ್ನ ಹತ್ತಿರ ಬಂದರು. ಒಳ್ಳೆಯವರು, ಅಕ್ಕೋರ ಸಾವಿಗೆ ಬಿಕ್ಕಿ ಬಿಕ್ಕಿ ಅತ್ತವರು. ನನ್ನ ಬೆನ್ನ ಮೇಲೆ ಕೈ ಆಡಿಸಿದರು.

"ಈಗ ಮನಸ್ಸ ಶಾಂತ ಆತಲ್ರಿ, ಟೀಚರ್?"

"ಇಲ್ಲ" ಎಂದೆ. ಸಾಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಎಂದೆ.